ನಡುಗಡಲಿನಲ್ಲಿ ಆರೋಗ್ಯ ಕೆಟ್ಟಾಗ: ದಡದ ವೈದ್ಯರ ನೆರವನ್ನು ಹಡಗಿನಿಂದ ಪಡೆಯುವ ಕ್ರಮ

ಸರಕು ಹಡಗುಗಳಲ್ಲಿ ಸಾಮಾನ್ಯವಾಗಿ ವೈದ್ಯರು ಇರುವುದಿಲ್ಲ. 2006ರ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ, ನೂರು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊತ್ತು 3 ದಿನಗಳಿಗೂ ಮೀರಿದ ಅಂತರರಾಷ್ಟ್ರೀಯ ಯಾನ ಮಾಡುವ ಹಡಗಿನಲ್ಲಿ ಮಾತ್ರ ವೈದ್ಯರು ಇರಲೇಬೇಕು. ಇಪ್ಪತ್ತು ಇಪ್ಪತ್ತೈದು ಜನರಿರುವ ತೈಲ ಹಡಗಿನಲ್ಲೋ ಕಂಟೇನರ್ ಹಡಗಿನಲ್ಲೋ ಆ ಹೊಣೆ ತರಬೇತಿ ಪಡೆದ ಒಬ್ಬ ಡೆಕ್ ಅಧಿಕಾರಿಯ ಮೇಲೆ, ಹೆಚ್ಚಿನ ಕಡೆ ಸೆಕೆಂಡ್ ಆಫೀಸರ್ ಮೇಲೆ ಬೀಳುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಿಂದ ಹೊರಟು ಇಂದು ಕೆಡೆಟ್ ಆಗಿರುವವರು ನಾಳೆ ಔಷಧ ಪೆಟ್ಟಿಗೆಯ ಕೀಲಿ ಹಿಡಿಯುತ್ತಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಹಡಗಿನ ಈ ಅಧಿಕಾರಿಯ ಬೆನ್ನಿಗೆ ನಿಲ್ಲುವ ವ್ಯವಸ್ಥೆಗೆ ಟೆಲಿಮೆಡಿಕಲ್ ಅಸಿಸ್ಟೆನ್ಸ್ ಸರ್ವೀಸ್, ಚಿಕ್ಕದಾಗಿ ಟಿಎಂಎಎಸ್ ಎಂದು ಹೆಸರು. ಹಡಗಿನವರು ಹಳೆಯ ರೂಢಿಯಂತೆ ಅದನ್ನು ರೇಡಿಯೊ ಮೆಡಿಕಲ್ ಎಂದೇ ಕರೆಯುತ್ತಾರೆ. ದಡದ ಆಸ್ಪತ್ರೆಯಲ್ಲೋ ಕೇಂದ್ರದಲ್ಲೋ ಕುಳಿತ ವೈದ್ಯರು ಹಗಲಿರುಳೂ ಫೋನ್, ಇಮೇಲ್, ರೇಡಿಯೊಗಳ ಮೂಲಕ ಹಡಗಿನವರಿಗೆ ಸಲಹೆ ಕೊಡುತ್ತಾರೆ. ಜರ್ಮನಿಯ ಕುಕ್ಸ್‌ಹಾವನ್‌ನಲ್ಲಿ 1931ರಿಂದ ಇಂಥ ಸೇವೆ ನಡೆದಿದೆ. ರೋಮ್‌ನ ಸಿಐಆರ್‌ಎಂ ಕೇಂದ್ರವನ್ನು ವೈದ್ಯ ಗ್ವಿಡೊ ಗ್ವಿಡಾ 1935ರಲ್ಲಿ ಸ್ಥಾಪಿಸಿದರು, ಅದರ ಮೊದಲ ಅಧ್ಯಕ್ಷರು ರೇಡಿಯೊ ವಿಜ್ಞಾನಿ ಮಾರ್ಕೋನಿ. ಫ್ರಾನ್ಸಿನ ಟುಲೂಸ್ ಮತ್ತು ನಾರ್ವೆಯ ಬರ್ಗೆನ್‌ಗಳಲ್ಲೂ ಹೆಸರಾಂತ ಕೇಂದ್ರಗಳಿವೆ. ಭಾರತದ ಸುತ್ತಲಿನ ಸಮುದ್ರದಲ್ಲಿ ಮುಂಬೈ, ಚೆನ್ನೈ, ಶ್ರೀ ವಿಜಯಪುರಂ (ಹಿಂದಿನ ಪೋರ್ಟ್ ಬ್ಲೇರ್) ಇಲ್ಲಿರುವ ಕೋಸ್ಟ್ ಗಾರ್ಡ್‌ನ ಸಾಗರ ರಕ್ಷಣಾ ಸಮನ್ವಯ ಕೇಂದ್ರಗಳು, ಅಂದರೆ ಎಂಆರ್‌ಸಿಸಿಗಳು, ಸಂಪರ್ಕದ ಮುಖ್ಯ ಕೊಂಡಿ.

ಒಂದು ಮಾತನ್ನು ಮನದಟ್ಟು ಮಾಡಿಕೊಳ್ಳಬೇಕು. ಸಮುದ್ರದಲ್ಲಿರುವ ಹಡಗಿಗೆ ರೇಡಿಯೊ ಅಥವಾ ಉಪಗ್ರಹದ ಮೂಲಕ ವೈದ್ಯಕೀಯ ಸಲಹೆ ಹಗಲೂ ರಾತ್ರಿಯೂ ಉಚಿತವಾಗಿ ಸಿಗಬೇಕು, ಹಡಗಿನ ಧ್ವಜ ಯಾವ ದೇಶದ್ದಾದರೂ ಸರಿ ಎಂದು ಅದೇ ಒಪ್ಪಂದ ಹೇಳುತ್ತದೆ. ಪನಾಮಾ ಧ್ವಜದ ಹಡಗಿನಲ್ಲಿ ದುಡಿಯುವ ಕನ್ನಡಿಗನಿಗಾಗಿ ರೋಮ್‌ನ ವೈದ್ಯರನ್ನು ಕೇಳಲು ಯಾರ ಅಪ್ಪಣೆಯ ಚೀಟಿಯೂ ಬೇಕಿಲ್ಲ. ಕಂಪನಿಯು ಖಾಸಗಿ ವೈದ್ಯಕೀಯ ಸೇವೆಯೊಂದರ ಜೊತೆ ಕರಾರು ಮಾಡಿಕೊಂಡಿದ್ದರೆ ಅದನ್ನೂ ಬಳಸಬಹುದು. ಆದರೆ ಆ ಕಡೆಯಿಂದ ಉತ್ತರ ತಡವಾದರೆ ಕಾಯುತ್ತ ಕೂರುವ ಅಗತ್ಯವಿಲ್ಲ.

ಹಡಗು ಬಂದರು ಬಿಡುವ ಮೊದಲು

ತುರ್ತು ಎದುರಾದ ಮೇಲೆ ನಂಬರ್ ಹುಡುಕುವಂತಾಗಬಾರದು. ರೇಡಿಯೊ ಮೆಡಿಕಲ್ ಕೇಂದ್ರಗಳ ವಿವರಗಳು ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಇರುವ ಅಡ್ಮಿರಾಲ್ಟಿ ರೇಡಿಯೊ ಸಿಗ್ನಲ್‌ಗಳ ಪಟ್ಟಿ ಎಂಬ ಕೈಪಿಡಿಯ ಮೊದಲ ಸಂಪುಟದಲ್ಲಿ ಸಿಗುತ್ತವೆ. ಈ ಯಾನಕ್ಕೆ ಒಪ್ಪುವ ಎರಡು ಮೂರು ಕೇಂದ್ರಗಳ ಫೋನ್ ಮತ್ತು ಇಮೇಲ್ ವಿವರಗಳನ್ನು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಬ್ರಿಡ್ಜ್‌ನಲ್ಲೊಂದು, ಹಡಗಿನ ಆಸ್ಪತ್ರೆ ಕೋಣೆಯಲ್ಲೊಂದು ಅಂಟಿಸಿಡಿ. ಆಸ್ಪತ್ರೆ ಕೋಣೆಯಿಂದಲೇ ಉಪಗ್ರಹ ಫೋನಿನಲ್ಲಿ ಮಾತನಾಡಲು ಆಗುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ. ಅನೇಕ ಹಡಗುಗಳಲ್ಲಿ ಫೋನ್ ಬ್ರಿಡ್ಜ್‌ನಲ್ಲಿ, ರೋಗಿ ಮೂರು ಮಹಡಿ ಕೆಳಗೆ. ಹಾಗಿದ್ದರೆ ನಡುವೆ ಸಂದೇಶ ಸಾಗಿಸಲು ವಾಕಿಟಾಕಿ ಹಿಡಿದ ಒಬ್ಬರು ಬೇಕಾಗುತ್ತಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹಡಗುಗಳಿಗೆಂದೇ ಹೊರತಂದಿರುವ ಅಂತರರಾಷ್ಟ್ರೀಯ ವೈದ್ಯಕೀಯ ಕೈಪಿಡಿಯ 2007ರ ಮೂರನೆಯ ಆವೃತ್ತಿ ಕೈಗೆಟುಕುವಂತಿರಲಿ. ಆಸ್ಪತ್ರೆ ಕೋಣೆಯ 40 ಲೀಟರ್ ಆಮ್ಲಜನಕ ಸಿಲಿಂಡರ್‌ನ ಒತ್ತಡವನ್ನು ನೋಡಿ ಬರೆದಿಡಿ. ರಕ್ತದೊತ್ತಡ ಯಂತ್ರ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಸಕ್ಕರೆ ಅಳೆಯುವ ಗ್ಲುಕೋಮೀಟರ್ ಇವುಗಳ ಬ್ಯಾಟರಿಯನ್ನೂ ಸಕ್ಕರೆ ಪರೀಕ್ಷೆಯ ಪಟ್ಟಿಗಳ ಅವಧಿಯನ್ನೂ ಪರಿಶೀಲಿಸಿ. ಹೃದಯಾಘಾತದ ಸಂದೇಹ ಬಂದ ರಾತ್ರಿ ಇಸಿಜಿ ಯಂತ್ರದ ಎಲೆಕ್ಟ್ರೋಡ್‌ಗಳ ಅಂಟು ಒಣಗಿಹೋಗಿದೆ ಎಂದು ತಿಳಿಯುವುದು ಬಹಳ ದುಬಾರಿಯ ತಿಳಿವಳಿಕೆ.

ಇಸಿಜಿ ಯಂತ್ರವಿರುವ ಹಡಗಿನಲ್ಲಿ ನನ್ನ ಸಲಹೆ ಇಷ್ಟು: ನಲವತ್ತೈದು ದಾಟಿದ ಸಿಬ್ಬಂದಿಯಲ್ಲಿ ಒಪ್ಪಿದವರದ್ದು ಆರೋಗ್ಯವಾಗಿರುವಾಗಲೇ ಒಂದು ಇಸಿಜಿ ತೆಗೆದು, ಗೋಪ್ಯವಾಗಿ ಕಾಪಿಡಿ. ಮುಂದೆ ತೊಂದರೆಯಾದಾಗ ಹಳೆಯ ಮತ್ತು ಹೊಸ ರೇಖೆಗಳನ್ನು ಒಟ್ಟಿಗೆ ಕಳುಹಿಸಿದರೆ ವ್ಯತ್ಯಾಸ ಹೊಸದೋ ಹಳೆಯದೋ ಎಂಬುದು ವೈದ್ಯರಿಗೆ ತಕ್ಷಣ ತಿಳಿಯುತ್ತದೆ, ನಿಮ್ಮ ಕೈಯೂ ಯಂತ್ರಕ್ಕೆ ಪಳಗುತ್ತದೆ.

ಕರೆ ಯಾವಾಗ ಮಾಡಬೇಕು

ಬೇಗ ಮಾಡಬೇಕು. ಬೆಳಗಾಗಲಿ, ಇನ್ನೊಂದು ಮಾತ್ರೆ ಕೊಟ್ಟು ನೋಡೋಣ, ಕ್ಯಾಪ್ಟನ್ ಮಲಗಿದ್ದಾರೆ ಎಂಬ ಹಿಂಜರಿಕೆಗಳಿಂದ ಗಂಟೆಗಳು ಕಳೆದುಹೋಗುತ್ತವೆ, ಅಷ್ಟರಲ್ಲಿ ಹಡಗು ಹೆಲಿಕಾಪ್ಟರ್ ಬರಬಹುದಾದ ದೂರವನ್ನು ದಾಟಿಬಿಟ್ಟಿರಬಹುದು. ಗಂಟೆಗೆ 13 ನಾಟಿಕಲ್ ಮೈಲಿ (13 ನಾಟ್) ಸಾಗುವ ಹಡಗು ಹತ್ತು ಗಂಟೆ ಕಾದರೆ 130 ನಾಟಿಕಲ್ ಮೈಲಿ, ಅಂದರೆ ಸುಮಾರು 240 ಕಿಲೋಮೀಟರ್ ಆಚೆ ಹೋಗಿರುತ್ತದೆ. ಎದೆನೋವು, ಉಸಿರು ಕಟ್ಟುವಿಕೆ, ಪ್ರಜ್ಞೆ ತಪ್ಪುವುದು, ದೇಹದ ಒಂದು ಪಾರ್ಶ್ವ ಬಲ ಕಳೆದುಕೊಳ್ಳುವುದು, ಬಿಡದ ಹೊಟ್ಟೆನೋವು, ತಲೆಗೆ ಪೆಟ್ಟು, ದೊಡ್ಡ ಸುಟ್ಟಗಾಯ, ಕಣ್ಣಿಗೆ ರಾಸಾಯನಿಕ ಬೀಳುವುದು, ಮುಚ್ಚಿದ ಟ್ಯಾಂಕಿನೊಳಗೆ ಕುಸಿದುಬಿದ್ದವರನ್ನು ಹೊರತಂದದ್ದು ಇವುಗಳಲ್ಲಿ ಯಾವುದಕ್ಕೂ ಕಾಯುವಂತಿಲ್ಲ. ಸಿಬ್ಬಂದಿಯೊಬ್ಬರು ದಿನಗಟ್ಟಲೆ ನಿದ್ದೆಯಿಲ್ಲದೆ, ಮಾತು ಬಿಟ್ಟು, ಬದುಕು ಸಾಕೆಂದು ಹೇಳತೊಡಗಿದರೆ ಅದೂ ಇದೇ ಸಾಲಿಗೆ ಸೇರಿದ ತುರ್ತು. ರೇಡಿಯೊ ಮೆಡಿಕಲ್ ಇರುವುದು ರಕ್ತ ಸುರಿಯುವ ಗಾಯಗಳಿಗಷ್ಟೇ ಅಲ್ಲ.

ಉಸಿರಾಟವೋ ಹೃದಯ ಬಡಿತವೋ ನಿಂತಿದ್ದರೆ, ಇಲ್ಲವೇ ರಕ್ತ ಧಾರಾಕಾರ ಹರಿಯುತ್ತಿದ್ದರೆ ಮೊದಲು ಪ್ರಾಣ ಉಳಿಸುವ ಕೆಲಸ. ಕರೆಯನ್ನು ಇನ್ನೊಬ್ಬ ಅಧಿಕಾರಿ ಮಾಡಲಿ.

ವೈದ್ಯರ ಬೆರಳು ನೀವು

ಉಪಗ್ರಹ, ಕ್ಯಾಮೆರಾ, ಇಸಿಜಿ ಎಲ್ಲ ಇದ್ದರೂ ವೈದ್ಯರು ರೋಗಿಯ ಹೊಟ್ಟೆಯನ್ನು ಮುಟ್ಟಿ ನೋಡಲಾರರು. ಆ ಕೆಲಸ ನಿಮ್ಮ ಕೈಯದು. ತಂತ್ರಜ್ಞಾನದಿಂದ ಎಷ್ಟು ಉಪಯೋಗ ಸಿಗುತ್ತದೆ ಎಂಬುದು ಕರೆಗೆ ಮೊದಲಿನ ಹತ್ತು ಹದಿನೈದು ನಿಮಿಷ ನೀವು ಎಷ್ಟು ಶ್ರದ್ಧೆಯಿಂದ ಪರೀಕ್ಷೆ ಮಾಡಿದಿರಿ ಎಂಬುದನ್ನೇ ಅವಲಂಬಿಸಿದೆ. ಆದ್ದರಿಂದ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಬಡಿತ ಸಮವಾಗಿದೆಯೇ ತಪ್ಪುತ್ತಿದೆಯೇ ಗಮನಿಸಿ. ವಯಸ್ಕರಲ್ಲಿ ವಿಶ್ರಾಂತಿಯ ವೇಳೆ 60ರಿಂದ 100 ಸಾಮಾನ್ಯ. ನಾಡಿಯ ಮೇಲೆ ಬೆರಳಿಟ್ಟುಕೊಂಡೇ, ರೋಗಿಗೆ ತಿಳಿಸದೆ, ಮುಂದಿನ ಒಂದು ನಿಮಿಷ ಎದೆಯ ಏರಿಳಿತವನ್ನು ಎಣಿಸಿ. ತನ್ನ ಉಸಿರನ್ನು ಎಣಿಸುತ್ತಿದ್ದಾರೆಂದು ಗೊತ್ತಾದರೆ ಯಾರ ಉಸಿರಾಟವೂ ಬದಲಾಗುತ್ತದೆ. 12ರಿಂದ 20 ಸಹಜ. ಹಡಗಿನಲ್ಲಿ ಅತಿ ಹೆಚ್ಚು ಬಾರಿ ಅಂದಾಜಿನ ಮೇಲೆ ಬರೆಯುವ ಅಂಕಿ ಇದೇ, ಅದೇ ವೇಳೆ ಕಾಯಿಲೆ ಉಲ್ಬಣಿಸುವುದನ್ನು ಬಹಳ ಬೇಗ ತೋರಿಸಿಕೊಡುವ ಅಂಕಿಯೂ ಇದೇ. ರಕ್ತದೊತ್ತಡ, ಜ್ವರ, ಸಕ್ಕರೆ ಇವನ್ನು ಅಳೆದು, ಪ್ರತಿಯೊಂದರ ಮುಂದೆ ಸಮಯ ಬರೆಯಿರಿ.

ಆಕ್ಸಿಮೀಟರ್ ಸಿಕ್ಕಿಸುವ ಮೊದಲು ಬೆರಳಿನ ಬಣ್ಣ, ಗ್ರೀಸ್ ಒರೆಸಿ, ಕೈ ತಣ್ಣಗಿದ್ದರೆ ಬೆಚ್ಚಗಾಗಿಸಿ. ಅಂಕಿ ನಿಂತ ಮೇಲೆ ಓದಿ, ಆಮ್ಲಜನಕ ಕೊಡುತ್ತಿರುವಾಗ ತೆಗೆದುಕೊಂಡ ಅಂಕಿಯೋ ಕೊಡುವ ಮೊದಲಿನದೋ ಎಂಬುದನ್ನು ನಮೂದಿಸಿ. ಎಂಜಿನ್ ರೂಮಿನ ಬೆಂಕಿಯ ಹೊಗೆ ಕುಡಿದವರ ವಿಷಯದಲ್ಲಿ ಮಾತ್ರ ಈ ಉಪಕರಣವನ್ನು ನಂಬಿ ನೆಮ್ಮದಿಯಾಗಬೇಡಿ. ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿದ್ದರೆ ಅದು ಆಮ್ಲಜನಕವೇ ಇದೆ ಎಂಬಂತೆ ತೋರಿಸಿ, 98 ಅಥವಾ 99 ಎಂದು ಸುಳ್ಳು ಭರವಸೆ ಕೊಡಬಲ್ಲದು. ಹೊಗೆಯಲ್ಲಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಿ.

ಪ್ರಜ್ಞೆಯನ್ನು ನಾಲ್ಕು ಹಂತಗಳಲ್ಲಿ ಹೇಳಿದರೆ ಸಾಕು: ಪೂರ್ಣ ಎಚ್ಚರ, ಕರೆದರೆ ಸ್ಪಂದನೆ, ನೋಯಿಸಿದರೆ ಮಾತ್ರ ಸ್ಪಂದನೆ, ಯಾವ ಸ್ಪಂದನೆಯೂ ಇಲ್ಲ. ಕಣ್ಣಿನ ಪಾಪೆಗಳಿಗೆ ಟಾರ್ಚ್ ಬೆಳಕು ಬಿಟ್ಟು ಎರಡೂ ಒಂದೇ ಗಾತ್ರವೇ, ಕುಗ್ಗುತ್ತವೆಯೇ ನೋಡಿ. ಹೊಟ್ಟೆನೋವಾದರೆ ನೋವು ಶುರುವಾದದ್ದು ಎಲ್ಲಿ, ಈಗ ಇರುವುದು ಎಲ್ಲಿ ಎಂದು ರೋಗಿಯೇ ಒಂದು ಬೆರಳಿಟ್ಟು ತೋರಿಸಲಿ. ಹೊಕ್ಕುಳ ಸುತ್ತ ಶುರುವಾಗಿ ಬಲಭಾಗದ ಕೆಳಹೊಟ್ಟೆಗೆ ಇಳಿದ ನೋವು ಅಪೆಂಡಿಕ್ಸ್‌ನ ಉರಿಯೂತದ ಸೂಚನೆಯಾಗಿರಬಹುದು. ನೋವಿಲ್ಲದ ಭಾಗದಿಂದ ಆರಂಭಿಸಿ ಮೆಲ್ಲಗೆ ಒತ್ತುತ್ತ ಹೋಗಿ. ಹೊಟ್ಟೆ ಮೆತ್ತಗಿದೆಯೋ ಹಲಗೆಯಂತೆ ಬಿಗಿದಿದೆಯೋ, ಒತ್ತಿದ ಕೈ ತಟ್ಟನೆ ತೆಗೆದಾಗ ನೋವು ಹೆಚ್ಚುತ್ತದೆಯೋ ಬರೆದುಕೊಳ್ಳಿ. ವೈದ್ಯರು ಹೇಳುವವರೆಗೆ ಊಟ ಕೊಡಬೇಡಿ, ಭೇದಿ ಮಾತ್ರೆಯನ್ನಂತೂ ಕೊಡಲೇಬೇಡಿ. ರೋಗಿ ಮಹಿಳೆಯಾಗಿದ್ದರೆ ಕಳೆದ ಮುಟ್ಟಿನ ದಿನಾಂಕವನ್ನೂ ಗರ್ಭದ ಸಾಧ್ಯತೆಯನ್ನೂ ಗೌರವದಿಂದ, ಬೇರೆಯವರಿಲ್ಲದಾಗ ಕೇಳಿ.

ಭಾಷೆಯ ತೊಡಕು ದೊಡ್ಡದು. ನೋವಿನಲ್ಲಿರುವವರು ಡೆಕ್ ಮೇಲೆ ಬಳಸುವ ಇಂಗ್ಲಿಷ್‌ನಲ್ಲಿ ತಮ್ಮ ಸಂಕಟ ಹೇಳಲಾರರು. ರೋಗಿಯ ಮಾತೃಭಾಷೆ ತುಳುವೋ ಕೊಂಕಣಿಯೋ ತಗಲೋಗೋ ಆಗಿರಲಿ, ಅದನ್ನು ಬಲ್ಲ ಸಹೋದ್ಯೋಗಿಯನ್ನು ಜೊತೆಗೆ ಕೂರಿಸಿಕೊಳ್ಳಿ. ರೋಗಿ ಹೇಳಿದ್ದನ್ನಷ್ಟೇ ಹೇಳಬೇಕು, ತನ್ನ ಊಹೆ ಸೇರಿಸಬಾರದು ಎಂದು ಅವರಿಗೆ ಮೊದಲೇ ತಿಳಿಸಿ.

ವರದಿ ಬರೆಯುವ ಬಗೆ

ಹೆಚ್ಚಿನ ಹಡಗುಗಳಲ್ಲಿ ವೈದ್ಯಕೀಯ ವರದಿಯ ಸಿದ್ಧ ನಮೂನೆ ಇರುತ್ತದೆ. ಅದನ್ನು ತುಂಬಿ. ಆದರೆ ನಮೂನೆಯ ಮೇಲ್ಭಾಗದಲ್ಲಿ ನಾಲ್ಕೈದು ವಾಕ್ಯಗಳ ಸಾರ ಇರಲೇಬೇಕು, ಏಕೆಂದರೆ ವೈದ್ಯರು ಮೊದಲು ಓದುವುದು ಅದನ್ನು. ವರದಿ ಇಂಗ್ಲಿಷ್‌ನಲ್ಲೇ ಹೋಗುತ್ತದೆ. ಅದರ ತಿರುಳು ಹೇಗಿರಬೇಕೆಂಬುದಕ್ಕೆ ಒಂದು ಕಲ್ಪಿತ ಉದಾಹರಣೆ:

“ತುರ್ತು: ಎದೆನೋವು. ಪುರುಷ, 52 ವರ್ಷ, ಮೋಟರ್‌ಮನ್. ಇಂದು 0240 ಯುಟಿಸಿಗೆ (ವಿಶ್ವ ಸಮಯ) ಎಂಜಿನ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದಾಗ ಎದೆಯ ನಡುವೆ ಹಿಂಡುವಂಥ ನೋವು ಶುರುವಾಗಿ ಎಡದೋಳಿಗೆ ಹರಡಿದೆ, ಬೆವರುತ್ತಿದ್ದಾರೆ, ಒಮ್ಮೆ ವಾಂತಿಯಾಗಿದೆ. 0300ಕ್ಕೆ ನಾಡಿ 104, ಸಮವಾಗಿದೆ, ರಕ್ತದೊತ್ತಡ 150/95, ಉಸಿರು 22, ಆಮ್ಲಜನಕ ಕೊಡುವ ಮೊದಲು 95, ಜ್ವರವಿಲ್ಲ, ಪೂರ್ಣ ಎಚ್ಚರ. ರಕ್ತದೊತ್ತಡದ ಮಾತ್ರೆ ನುಂಗುತ್ತಾರೆ, ಔಷಧ ಅಲರ್ಜಿ ಇಲ್ಲ. ಈವರೆಗೆ ಯಾವ ಔಷಧವನ್ನೂ ಕೊಟ್ಟಿಲ್ಲ. ಇಸಿಜಿ ಲಗತ್ತಿಸಿದೆ. ಸ್ಥಾನ 12°40′ ಉತ್ತರ, 66°15′ ಪೂರ್ವ. ನವಮಂಗಳೂರು ಸುಮಾರು 500 ನಾಟಿಕಲ್ ಮೈಲಿ ದೂರ, 13 ನಾಟ್ ವೇಗದಲ್ಲಿ ಸುಮಾರು 38 ಗಂಟೆ.”

ಇದರಲ್ಲಿ ಹೃದಯಾಘಾತ ಎಂಬ ಪದವೇ ಇಲ್ಲದಿರುವುದನ್ನು ಗಮನಿಸಿ. ರೋಗದ ಹೆಸರು ಹೇಳುವುದು ವೈದ್ಯರ ಕೆಲಸ, ಕಂಡದ್ದನ್ನು ಕಂಡಂತೆ ಹೇಳುವುದು ಹಡಗಿನವರ ಕೆಲಸ. ಈಗಾಗಲೇ ಏನಾದರೂ ಔಷಧ ಕೊಟ್ಟಿದ್ದರೆ, ಅದು ಕೊಡಬಾರದಾಗಿತ್ತು ಎಂಬ ಅನುಮಾನ ನಿಮಗಿದ್ದರೂ, ಮುಚ್ಚಿಡಬೇಡಿ. ಹಡಗಿನ ಸ್ಥಾನ, ದಿಕ್ಕು, ವೇಗ, ಸಮೀಪದ ಬಂದರುಗಳು ಚಿಕಿತ್ಸೆಯ ನಿರ್ಧಾರಕ್ಕೆ ರಕ್ತದೊತ್ತಡದಷ್ಟೇ ಮುಖ್ಯವಾದ ಮಾಹಿತಿ. ರಾಸಾಯನಿಕದಿಂದ ತೊಂದರೆಯಾಗಿದ್ದರೆ ಆ ಸರಕಿನ ಯುಎನ್ ಸಂಖ್ಯೆಯನ್ನು (ಅಪಾಯಕಾರಿ ಸರಕನ್ನು ಗುರುತಿಸುವ ಅಂಕಿ) ಕೊಟ್ಟು, ಸುರಕ್ಷತಾ ಮಾಹಿತಿ ಹಾಳೆಯನ್ನು ಲಗತ್ತಿಸಿ.

ಯಾವ ದಾರಿಯಿಂದ ಸಂಪರ್ಕಿಸುವುದು

ಉಪಗ್ರಹ ಫೋನ್ ಇದ್ದರೆ ಅದೇ ಮೊದಲ ಆಯ್ಕೆ: ವರದಿಯನ್ನು ಇಮೇಲ್ ಮಾಡಿ, ಕೂಡಲೇ ಫೋನ್ ಮಾಡಿ. ಇಮೇಲ್ ಕಳುಹಿಸಿ ಉತ್ತರಕ್ಕಾಗಿ ಕಾಯುವುದು ತುರ್ತಿಗೆ ಒಗ್ಗದ ಕ್ರಮ. ಇನ್‌ಮಾರ್‌ಸ್ಯಾಟ್ ಎಂಬ ಉಪಗ್ರಹ ಸಂಪರ್ಕ ಜಾಲದ ಭೂಸ್ಥಿರ ಉಪಗ್ರಹಗಳು 35,786 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಮಾತು ತಲುಪಿ ಉತ್ತರ ಬರಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತದೆ. ಒಂದು ವಾಕ್ಯ ಮುಗಿಸಿ ತುಸು ನಿಲ್ಲಬೇಕು, ಇಲ್ಲವಾದರೆ ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತವೆ. ಧ್ರುವಗಳ ಸಮೀಪ ಈ ಉಪಗ್ರಹಗಳು ದಿಗಂತದ ಕೆಳಗಾಗುತ್ತವೆ. ಅಲ್ಲಿ ಕೆಳಕಕ್ಷೆಯ 66 ಉಪಗ್ರಹಗಳ ಇರಿಡಿಯಂ ಜಾಲ ಕೆಲಸ ಮಾಡುತ್ತದೆ.

ಫೋನ್ ಕೈಕೊಟ್ಟರೆ ಇನ್‌ಮಾರ್‌ಸ್ಯಾಟ್ ಸಿ ಎಂಬ ಲಿಖಿತ ಸಂದೇಶದ ಟರ್ಮಿನಲ್‌ನಲ್ಲಿ 32 ಎಂಬ ಕೋಡ್ ಒತ್ತಿ ವೈದ್ಯಕೀಯ ಸಲಹೆ ಕೇಳಬಹುದು. ರೋಗಿಯನ್ನು ಹಡಗಿನಿಂದ ಕರೆದೊಯ್ಯುವಂಥ ನೆರವು ಬೇಕಾದರೆ 38. ದಡದ ಸಮೀಪವಿದ್ದರೆ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್, ಇನ್ನೂ ದೂರಕ್ಕೆ ಎಂಎಫ್ ಡಿಎಸ್‌ಸಿಯ, ಅಂದರೆ ಮಧ್ಯಮ ತರಂಗದ ಡಿಜಿಟಲ್ ಕರೆ ವ್ಯವಸ್ಥೆಯ, 2187.5 ಕಿಲೋಹರ್ಟ್ಸ್. ಒಬ್ಬರ ಆರೋಗ್ಯದ ತುರ್ತಿಗೆ “ಪಾನ್ ಪಾನ್” ಎಂದು ಮೂರು ಬಾರಿ ಕೂಗಿ ಕರೆಯಬೇಕು. ಸನಿಹದಲ್ಲಿ ವೈದ್ಯರಿರುವ ಪ್ರಯಾಣಿಕರ ಹಡಗೋ ಯುದ್ಧನೌಕೆಯೋ ಇದ್ದರೆ ಆ ಕರೆ ಅವರ ಕಿವಿಗೂ ಬೀಳುತ್ತದೆ.

ಮಲ್ಪೆ, ಮಂಗಳೂರಿನಿಂದ ಆಳಸಮುದ್ರಕ್ಕೆ ಹೋಗುವ ಮೀನುಗಾರಿಕಾ ಬೋಟುಗಳಲ್ಲಿ ಉಪಗ್ರಹ ಫೋನಾಗಲಿ ಔಷಧ ಪೆಟ್ಟಿಗೆಯಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ಅವರಿಗೆ 16ನೇ ಚಾನೆಲ್ಲೇ ಆಧಾರ. ದಡ ದೂರವಾದರೆ ಸಮೀಪದ ದೊಡ್ಡ ಹಡಗನ್ನು ಕರೆದು, ಕೋಸ್ಟ್ ಗಾರ್ಡ್‌ಗೆ ಸುದ್ದಿ ಮುಟ್ಟಿಸಲು ಕೇಳಬೇಕು. ಮೊಬೈಲ್ ಸಿಗ್ನಲ್ ಇರುವಲ್ಲಿ ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ ಉಚಿತ. ಅಂಥ ಕರೆ ಕೇಳಿದ ದೊಡ್ಡ ಹಡಗಿನ ಅಧಿಕಾರಿಗೆ ಕನ್ನಡವೋ ತುಳುವೋ ಗೊತ್ತಿದ್ದರೆ, ರೋಗಿಯ ಸ್ಥಿತಿಯನ್ನು ಕೇಳಿ ತಿಳಿದು ಎಂಆರ್‌ಸಿಸಿಗೆ ಒಪ್ಪಿಸುವುದು ಅವರಿಂದಾಗುವ ದೊಡ್ಡ ಉಪಕಾರ.

ಚಿತ್ರ, ಇಸಿಜಿ, ವೀಡಿಯೊ

ಗಾಯದ ಚಿತ್ರವನ್ನು ಫ್ಲ್ಯಾಶ್ ಇಲ್ಲದೆ, ಸಾಧ್ಯವಾದರೆ ಹಗಲಿನ ಬೆಳಕಿನಲ್ಲಿ ತೆಗೆಯಿರಿ. ಒಂದು ದೂರದಿಂದ, ದೇಹದ ಯಾವ ಭಾಗವೆಂದು ತಿಳಿಯುವಂತೆ. ಒಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಕೈ, ಕಾಲು, ಕಣ್ಣುಗಳಾದರೆ ಆರೋಗ್ಯವಾಗಿರುವ ಇನ್ನೊಂದರ ಚಿತ್ರವನ್ನೂ ಕಳುಹಿಸಿದರೆ ಊತ ಎಷ್ಟೆಂದು ತಿಳಿಯುತ್ತದೆ. ರೋಗಿಯ ಒಪ್ಪಿಗೆ ಪಡೆಯಿರಿ, ಅಗತ್ಯವಿಲ್ಲದಿದ್ದರೆ ಮುಖ ಬೇಡ. ಸಂಪರ್ಕ ದುರ್ಬಲವಿರುವಾಗ ಹತ್ತು ದೊಡ್ಡ ಚಿತ್ರಗಳು ದಾರಿಯಲ್ಲೇ ಸಿಕ್ಕಿಕೊಳ್ಳುತ್ತವೆ; ಗಾತ್ರ ತಗ್ಗಿಸಿದ ಎರಡು ಒಳ್ಳೆಯ ಚಿತ್ರಗಳು ಸಾಕು.

ಇಸಿಜಿ ತೆಗೆಯುವಾಗ ಎದೆಯ ಕೂದಲನ್ನು ಬೋಳಿಸಿ, ಬೆವರನ್ನು ಒರೆಸಿ, ಚರ್ಮ ಒಣಗಿದ ಮೇಲೆ ಎಲೆಕ್ಟ್ರೋಡ್ ಅಂಟಿಸಿ. ಎದೆಯ ಮೊದಲ ಎಲೆಕ್ಟ್ರೋಡ್ ಎದೆಮೂಳೆಯ ಬಲಕ್ಕೆ ನಾಲ್ಕನೆಯ ಪಕ್ಕೆಲುಬಿನ ಸಂದಿನಲ್ಲಿ, ಎರಡನೆಯದು ಅದೇ ಮಟ್ಟದಲ್ಲಿ ಎಡಕ್ಕೆ. ಉಳಿದವಕ್ಕೆ ಯಂತ್ರದ ಮೇಲಿನ ಚಿತ್ರವನ್ನು ಅನುಸರಿಸಿ. ಎಂಜಿನ್ನಿನ ನಡುಕ, ಹಡಗಿನ ಓಲಾಟ, ರೋಗಿಯ ಚಳಿ ಇವೆಲ್ಲ ರೇಖೆಯನ್ನು ಕಲಕುತ್ತವೆ. ರೋಗಿಗೆ ಹೊದಿಕೆ ಹೊದಿಸಿ, ಕೈಗಳನ್ನು ಸಡಿಲವಾಗಿ ಇಟ್ಟುಕೊಳ್ಳಲು ಹೇಳಿ. ಆದರೂ ರೇಖೆ ಅಸ್ಪಷ್ಟವಾದರೆ, ಸಂಚಾರಕ್ಕೆ ಅಪಾಯವಿಲ್ಲದಿದ್ದಲ್ಲಿ, ಕೆಲವು ನಿಮಿಷ ವೇಗ ತಗ್ಗಿಸಲು ಬ್ರಿಡ್ಜ್ ಅನ್ನು ಕೇಳಿ. ಯಂತ್ರ ತಾನಾಗಿ ಮುದ್ರಿಸುವ “ಸಹಜ” ಎಂಬ ತೀರ್ಪನ್ನು ನಂಬಿ ಕರೆ ಕೈಬಿಡಬೇಡಿ. ಹೃದಯಾಘಾತದ ಆರಂಭದಲ್ಲಿ ಇಸಿಜಿ ಸರಿಯಾಗಿಯೇ ಕಾಣಬಹುದು.

ವೀಡಿಯೊ ಕರೆಯನ್ನು ವೈದ್ಯರು ಕೇಳಿದಾಗ ಮಾತ್ರ ಮಾಡುವುದು ಮೇಲು. ಉಸಿರಾಡುವ ಶ್ರಮ, ನಡಿಗೆ, ಮುಖದ ವಾಲುವಿಕೆ, ಸೆಳೆತ ಇಂಥ ಚಲನೆಯ ವಿಷಯಗಳಲ್ಲಿ ಅದು ನಿಜವಾಗಿ ಉಪಯುಕ್ತ, ಉಳಿದಂತೆ ಸ್ಪಷ್ಟವಾದ ಧ್ವನಿಯೇ ಹೆಚ್ಚು ಕೆಲಸ ಮಾಡುತ್ತದೆ.

ಮಾತುಕತೆ ಮತ್ತು ಚಿಕಿತ್ಸೆ

ಪರೀಕ್ಷೆ ಮಾಡಿದವರೇ ಮಾತನಾಡಬೇಕು. ಕ್ಯಾಪ್ಟನ್ ಪಕ್ಕದಲ್ಲಿರಲಿ. ವೈದ್ಯರು ಹೇಳಿದ ಔಷಧದ ಹೆಸರು, ಮಿಲಿಗ್ರಾಂ ಪ್ರಮಾಣ, ಬಾಯಿಂದಲೋ ಇಂಜೆಕ್ಷನ್ನೋ, ಎಷ್ಟು ಗಂಟೆಗೊಮ್ಮೆ ಎಂಬುದನ್ನು ಬರೆದುಕೊಂಡು ತಿರುಗಿ ಓದಿ ಹೇಳಿ, ಸರಿ ಎನ್ನಿಸಿಕೊಳ್ಳಿ. ಹದಿನೈದು ಮತ್ತು ಐವತ್ತು ಇಂಗ್ಲಿಷ್‌ನಲ್ಲಿ ಒಂದೇ ರೀತಿ ಕೇಳಿಸುವುದರಿಂದ ಒಂದೊಂದೇ ಅಂಕಿಯಾಗಿ ಹೇಳುವುದು ಒಳ್ಳೆಯದು. ಆ ಔಷಧ ಹಡಗಿನಲ್ಲಿ ಇಲ್ಲದಿದ್ದರೆ ಆಗಲೇ ಹೇಳಿ, ಪೆಟ್ಟಿಗೆಯ ದಾಸ್ತಾನು ಪಟ್ಟಿ ಕೈಯಲ್ಲಿರಲಿ. ಯಾವ ಲಕ್ಷಣ ಕಂಡರೆ ತಕ್ಷಣ ಮತ್ತೆ ಕರೆಯಬೇಕು, ಏನೂ ಬದಲಾಗದಿದ್ದರೂ ಎಷ್ಟು ಹೊತ್ತಿಗೆ ಕರೆಯಬೇಕು ಎಂಬುದನ್ನು ಕೇಳದೆ ಫೋನ್ ಇಡಬೇಡಿ. ಪ್ರಕರಣಕ್ಕೆ ಸಂಖ್ಯೆ ಕೊಟ್ಟಿದ್ದರೆ ಬರೆದಿಟ್ಟು ಮುಂದೆಯೂ ಅದೇ ಕೇಂದ್ರವನ್ನು ಸಂಪರ್ಕಿಸಿ. ಎರಡು ಕೇಂದ್ರಗಳಿಂದ ಬೇರೆ ಬೇರೆ ಸಲಹೆ ಪಡೆದು ಬೆರೆಸುವುದು ರೋಗಿಗೆ ಅಪಾಯ.

ಆಮೇಲಿನ ಕೆಲಸ ಪಾಳಿಯ ಪ್ರಕಾರ ಕಾವಲಿರುವುದು. ವೈದ್ಯರು ಹೇಳಿದ ಅಂತರದಲ್ಲಿ ಅದೇ ಅಳತೆಗಳನ್ನು ಅದೇ ಹಾಳೆಯಲ್ಲಿ ಸಾಲಾಗಿ ಬರೆಯುತ್ತ ಹೋಗಿ. ನಾಡಿ 90ರಿಂದ 100, ನಂತರ 115 ಎಂದು ಏರುವುದು ಒಂದೊಂದೇ ಅಳತೆ ನೋಡಿದರೆ ಗಮನಕ್ಕೆ ಬಾರದು, ಸಾಲಾಗಿ ನೋಡಿದರೆ ಎದ್ದು ಕಾಣುತ್ತದೆ.

ಹಡಗಿನಿಂದ ಕರೆದೊಯ್ಯಬೇಕಾದಾಗ

ವೈದ್ಯರು ಸಲಹೆ ಕೊಡುತ್ತಾರೆ, ಎಂಆರ್‌ಸಿಸಿ ಹೆಲಿಕಾಪ್ಟರ್ ಅಥವಾ ನೌಕೆಯನ್ನು ಹೊಂದಿಸುತ್ತದೆ, ಹಡಗಿನ ದಾರಿ ಬದಲಿಸುವ ಅಧಿಕಾರ ಕ್ಯಾಪ್ಟನ್ನರದು. ಮೇಲಿನ ಉದಾಹರಣೆಯಂತೆ 500 ನಾಟಿಕಲ್ ಮೈಲಿ ದೂರಕ್ಕೆ ಹೆಲಿಕಾಪ್ಟರ್ ಬರಲಾರದು; ಹಡಗೇ ದಡದತ್ತ ತಿರುಗಿ, ನಡುವೆ ಸಂಧಿಸುವ ಜಾಗ ಗೊತ್ತುಮಾಡಬೇಕು. ಸರಕು ತಡವಾಗುವ ಚಿಂತೆ ಇಲ್ಲಿ ಬರಬಾರದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಹೆಲಿಕಾಪ್ಟರ್ ಬರುವ ಮೊದಲು ಡೆಕ್ ಮೇಲಿನ ಸಡಿಲ ವಸ್ತುಗಳನ್ನೆಲ್ಲ ಕಟ್ಟಿ, ಅಗ್ನಿಶಾಮಕ ತಂಡ ಸಿದ್ಧವಿರಲಿ, ಪೈಲಟ್ ಹೇಳಿದ ದಿಕ್ಕು ಮತ್ತು ವೇಗವನ್ನು ಕಾಯ್ದುಕೊಳ್ಳಿ. ರಾತ್ರಿಯಾದರೆ ದೀಪಗಳನ್ನು ಹೆಲಿಕಾಪ್ಟರ್‌ನತ್ತ ತಿರುಗಿಸಬೇಡಿ. ಕೆಳಗಿಳಿದ ಕೊಕ್ಕೆ ಮೊದಲು ಡೆಕ್ ಅಥವಾ ನೀರನ್ನು ಮುಟ್ಟಿ ಅದರಲ್ಲಿರುವ ಸ್ಥಿರ ವಿದ್ಯುತ್ ಹರಿದುಹೋಗಲಿ, ಆಮೇಲಷ್ಟೇ ಕೈ ಹಾಕಿ. ಅದರ ತಂತಿಯನ್ನು ಎಂದಿಗೂ ಹಡಗಿನ ಯಾವ ಭಾಗಕ್ಕೂ ಕಟ್ಟಬಾರದು. ರೋಗಿಗೆ ಲೈಫ್ ಜಾಕೆಟ್ ತೊಡಿಸಿ, ಪಾಸ್‌ಪೋರ್ಟ್, ನಾವಿಕರ ಗುರುತಿನ ಪುಸ್ತಕ, ಅಳತೆಗಳ ಹಾಳೆಯ ಪ್ರತಿ, ಇಸಿಜಿ, ಕೊಟ್ಟ ಔಷಧಗಳ ಪಟ್ಟಿಗಳನ್ನು ನೀರು ಹೋಗದ ಚೀಲದಲ್ಲಿ ಹಾಕಿ ದೇಹಕ್ಕೆ ಭದ್ರಪಡಿಸಿ. ಮಾರ್ಫಿನ್ ಕೊಟ್ಟಿದ್ದರೆ ಪ್ರಮಾಣ ಮತ್ತು ಹೊತ್ತು ಆ ಪಟ್ಟಿಯಲ್ಲಿ ಎದ್ದು ಕಾಣುವಂತಿರಲಿ.

ರೋಗಿ ಹೋದ ಬಳಿಕವೂ ದಾಖಲೆಯ ಕೆಲಸ ಉಳಿದಿರುತ್ತದೆ. ವೈದ್ಯಕೀಯ ವರದಿ ಗೋಪ್ಯ ಪತ್ರ. ಅದನ್ನು ಬೀಗ ಹಾಕಿದ ಜಾಗದಲ್ಲಿ ಇಟ್ಟು, ವೈಯಕ್ತಿಕ ಮೊಬೈಲ್‌ಗಳಲ್ಲಿ ತೆಗೆದ ಚಿತ್ರಗಳನ್ನು ಅಳಿಸಿಹಾಕಬೇಕು, ಊಟದ ಕೋಣೆಯಲ್ಲಿ ಅದರ ಚರ್ಚೆ ಸಲ್ಲದು. ಬಳಸಿದ ಮಾರ್ಫಿನ್‌ನಂಥ ನಿಯಂತ್ರಿತ ಔಷಧಗಳನ್ನು ರಿಜಿಸ್ಟರ್‌ನಲ್ಲಿ ಕ್ಯಾಪ್ಟನ್ನರ ಸಹಿಯೊಂದಿಗೆ ನಮೂದಿಸಿ, ಖಾಲಿಯಾದ ಔಷಧ, ಎಲೆಕ್ಟ್ರೋಡ್, ಆಮ್ಲಜನಕಗಳ ಬೇಡಿಕೆಯನ್ನು ಮುಂದಿನ ಬಂದರಿನ ಏಜೆಂಟರಿಗೆ ಅದೇ ದಿನ ಕಳುಹಿಸಿ.